ಹಡಗಿನಲ್ಲೇ ಕೂರಬೇಡಿ, ಕೆರೆ ನೋಡಿ ಬನ್ನಿ

ಓದುಗರ ಪ್ರಶ್ನೆ, ಅಕ್ಕೋರ ಉತ್ತರ

ಈ ಸಲ ಬಂದ ಕಾಗದಗಳಲ್ಲಿ ಜಾಸ್ತಿ ಇದ್ದದ್ದು ಅಲಾಸ್ಕಾ ಕ್ರೂಸ್ ಬಗ್ಗೆ. ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದ ಎಷ್ಟೋ ಮಕ್ಕಳು ಈಗ ಸಿಯಾಟಲ್ ಕಡೆ ಕೆಲಸದಲ್ಲಿದ್ದಾರೆ. ಬೇಸಿಗೆಗೆ ಅಪ್ಪ ಅಮ್ಮನನ್ನು ಕರೆಸಿಕೊಳ್ಳುತ್ತಾರೆ. ಬಂದವರನ್ನು ಒಂದು ವಾರ ಹಡಗಿನಲ್ಲಿ ಸುತ್ತಾಡಿಸಿಕೊಂಡು ಬರುತ್ತಾರೆ. ನಾನೂ ಮಗಳ ಮನೆಗೆ ಹೋದಾಗ ಹಾಗೇ ಹೋಗಿ ಬಂದವಳು. ಬಳ್ಳಾರಿಯ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದ ನನಗೆ, ಪುಸ್ತಕದಲ್ಲಿ ಓದಿ ಹೇಳಿದ್ದೆಲ್ಲ ಆ ದಾರಿಯಲ್ಲಿ ಎದುರಿಗೇ ಸಿಕ್ಕಿತು. ಎಲ್ಲ ಪ್ರಶ್ನೆಗಳಿಗೂ ಇಲ್ಲಿ ಜಾಗವಿಲ್ಲ. ಅಲಾಸ್ಕಾದ ಸ್ಕ್ಯಾಗ್ವೇ ಬಂದರಿನಲ್ಲಿ ಇಳಿದು, ಗಡಿಯಾಚೆ ಕೆನಡಾದಲ್ಲಿರುವ ಎಮರಾಲ್ಡ್ ಲೇಕ್ ಎಂಬ ಕೆರೆ ನೋಡಿಕೊಂಡು ಸಂಜೆಯೊಳಗೆ ಹಡಗಿಗೆ ವಾಪಸ್ ಬರುವುದು ಹೇಗೆ ಅನ್ನುವುದನ್ನೇ ಈ ಸಲ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಅಕ್ಕೋರೇ, ನಮಸ್ಕಾರ. ನನಗೆ 64 ವರ್ಷ. ಮಗಳು, ಅಳಿಯ ಸಿಯಾಟಲ್‌ನಲ್ಲಿದ್ದಾರೆ. ಜೂನ್‌ನಲ್ಲಿ ನಮ್ಮನ್ನು ಅಲಾಸ್ಕಾ ಕ್ರೂಸ್‌ಗೆ ಕರೆದುಕೊಂಡು ಹೋಗುತ್ತಾರೆ. ಸ್ಕ್ಯಾಗ್ವೇ ಎಂಬ ಊರಲ್ಲಿ ಹಡಗು ಬೆಳಿಗ್ಗೆಯಿಂದ ಸಂಜೆವರೆಗೆ ನಿಲ್ಲುತ್ತದಂತೆ. ಅಲ್ಲಿಂದ ಎಮರಾಲ್ಡ್ ಲೇಕ್‌ಗೆ ಬಸ್ಸಿದೆ. ಆ ಕೆರೆಯ ಫೋಟೋ ನೋಡಿದಾಗಿನಿಂದ ಮನಸ್ಸು ಅಲ್ಲೇ ಇದೆ. ಅಳಿಯಂದಿರು ಮಾತ್ರ, "ಅತ್ತೆ, ಹೋಗಿ ಬರೋಕೆ ನಾಲ್ಕು ತಾಸು, ನೋಡೋದು ಹತ್ತು ನಿಮಿಷ. ನಿಮಗೆ ಮೊದಲೇ ಮಂಡಿನೋವು. ಹಡಗಿನಲ್ಲೇ ಆರಾಮಾಗಿರಿ" ಅನ್ನುತ್ತಾರೆ. ಹೋಗಲಾ, ಬೇಡವಾ? (ಗೃಹಿಣಿ, ಗಂಗಾವತಿ)

ಉತ್ತರ: ಹೋಗಿ ತಾಯಿ, ಖಂಡಿತ ಹೋಗಿ. ಅಳಿಯಂದಿರು ನಿಮ್ಮ ಮೇಲಿನ ಕಾಳಜಿಯಿಂದಲೇ ಹೇಳಿದ್ದಾರೆ. ಆದರೆ ಈ ಕೆರೆಗೆ ಮಂಡಿಯ ಕೆಲಸ ಬಹಳ ಕಡಿಮೆ. ಅದು ಹೆದ್ದಾರಿಯ ಪಕ್ಕದಲ್ಲೇ ಇದೆ. ರಸ್ತೆ ಸ್ವಲ್ಪ ಎತ್ತರದಲ್ಲಿ ಹೋಗುತ್ತದೆ, ಕೆರೆ ಅದರ ಕೆಳಗಿದೆ. ವಾಹನ ನಿಲ್ಲಿಸುವ ಜಾಗದಿಂದ ನಾಲ್ಕು ಹೆಜ್ಜೆ ಇಟ್ಟರೆ ಇಡೀ ಕೆರೆ ಕಣ್ಣೆದುರು. ಗುಡ್ಡ ಹತ್ತುವುದಿಲ್ಲ, ಮೆಟ್ಟಿಲಿಲ್ಲ. ನಿಮಗೆ ಕಷ್ಟವಾಗುವುದು ಬಸ್ಸಿನ ಮೆಟ್ಟಿಲು ಮತ್ತು ಕೂತಲ್ಲೇ ಕೂರುವುದು, ಅಷ್ಟೇ. ಮುಂದಿನ ಸೀಟು ಬೇಕೆಂದು ಮೊದಲೇ ಹೇಳಿಡಿ. ನಿಲ್ಲಿಸಿದ ಕಡೆಯೆಲ್ಲ ಇಳಿದು ಕಾಲಾಡಿಸಿ.

ಸ್ಕ್ಯಾಗ್ವೇಯಿಂದ ಕೆರೆಗೆ ಸುಮಾರು 117 ಕಿ.ಮೀ. ಬಳ್ಳಾರಿಯಿಂದ ಕೊಪ್ಪಳಕ್ಕಿಂತ ಸ್ವಲ್ಪ ಜಾಸ್ತಿ. ರಸ್ತೆ ಚೆನ್ನಾಗಿದೆ. ನಡುವೆ ಗಡಿ ತಪಾಸಣೆ ಇದೆ, ನೋಡುವ ಜಾಗಗಳಲ್ಲಿ ಬಸ್ ನಿಲ್ಲಿಸುತ್ತಾರೆ. ಹಾಗಾಗಿ ಹೋಗಲು ಎರಡು, ಎರಡೂವರೆ ತಾಸು ಹಿಡಿಯಿರಿ. ಆ ಎರಡು ತಾಸು ಸುಮ್ನೆ ಕೂತು ಕಳೆಯುವ ಹೊತ್ತಲ್ಲ ಎಂದು ಅಳಿಯಂದಿರಿಗೆ ಹೇಳಿ. ಸ್ಕ್ಯಾಗ್ವೇ ಸಮುದ್ರದ ಮಟ್ಟದಲ್ಲಿದೆ. ಅಲ್ಲಿಂದ ಹೊರಟ ರಸ್ತೆ ಸುಮಾರು 23 ಕಿ.ಮೀ. ಒಳಗೆ ಸಾವಿರ ಮೀಟರ್ ಎತ್ತರಕ್ಕೆ ಏರುತ್ತದೆ. ಕೆಳಗೆ ದಟ್ಟ ಕಾಡು, ಜಲಪಾತಗಳು. ಏರುತ್ತಾ ಹೋದಂತೆ ಮರಗಳು ಗಿಡ್ಡವಾಗುತ್ತವೆ. ವೈಟ್ ಪಾಸ್ ಎಂಬ ಕಣಿವೆಯ ನೆತ್ತಿಗೆ ಬಂದರೆ ಬರೀ ಬಂಡೆ, ಬಂಡೆಗಳ ನಡುವೆ ಸಣ್ಣ ಸಣ್ಣ ಹೊಂಡ. ಜೂನ್‌ನಲ್ಲೂ ಅಲ್ಲಲ್ಲಿ ಹಿಮ ಉಳಿದಿರುತ್ತದೆ. ಆಮೇಲೆ ಕೆನಡಾ ಶುರು. ಮೊದಲು ಬ್ರಿಟಿಷ್ ಕೊಲಂಬಿಯಾ ಪ್ರಾಂತ, ಅದು ದಾಟಿದರೆ ಯೂಕಾನ್. ಉದ್ದುದ್ದ ಸರೋವರಗಳ ದಡದಲ್ಲೇ ರಸ್ತೆ ಸಾಗಿ ಕಾರ್‌ಕ್ರಾಸ್ ಎಂಬ ಸಣ್ಣ ಊರು ಮುಟ್ಟುತ್ತದೆ. ಅದರ ಪಕ್ಕದಲ್ಲಿ ಸುಮಾರು 2.6 ಚದರ ಕಿ.ಮೀ.ಯಷ್ಟು ಮರಳು ದಿಬ್ಬಗಳಿವೆ. ಜಗತ್ತಿನ ಅತಿ ಸಣ್ಣ ಮರುಭೂಮಿ ಎಂದು ಅಲ್ಲಿನವರು ತೋರಿಸುತ್ತಾರೆ. ಹಿಂದೆ ಅಲ್ಲಿ ಹಿಮನದಿ ಕರಗಿದ ನೀರಿನ ದೊಡ್ಡ ಸರೋವರವಿತ್ತು. ಅದು ಬತ್ತಿ ಉಳಿದ ಮರಳು ಅದು. ಎಮರಾಲ್ಡ್ ಲೇಕ್ ಅಲ್ಲಿಂದ ಹತ್ತು ಹನ್ನೊಂದು ಕಿ.ಮೀ.

ಹವಾಮಾನದ ಒಂದು ಮಾತು ಹೇಳಲೇಬೇಕು. ಬೆಳಿಗ್ಗೆ ಸ್ಕ್ಯಾಗ್ವೇಯಲ್ಲಿ ಮಳೆ ಹನಿಯುತ್ತಿದ್ದರೆ "ಅಯ್ಯೋ, ಇವತ್ತು ಏನೂ ಕಾಣಲ್ಲ" ಎಂದು ಟೂರ್ ಬಿಟ್ಟುಬಿಡುವವರು ಬಹಳ. ಹಾಗೆ ಮಾಡಬೇಡಿ. ಕಡಲಿನಿಂದ ಬಂದ ಮೋಡ ಬೆಟ್ಟಕ್ಕೆ ತಗುಲಿ ಈಚೆಯೇ ಸುರಿದು ಖಾಲಿಯಾಗುತ್ತದೆ. ಬೆಟ್ಟದ ಆಚೆ ಒಣ ಹವೆ. ಸಹ್ಯಾದ್ರಿಯ ನೆತ್ತಿಯಲ್ಲಿ ಆಗುಂಬೆ ತೊಯ್ಯುತ್ತಿರುವಾಗ ನಮ್ಮ ಬಳ್ಳಾರಿ, ರಾಯಚೂರಿನ ಎರೆ ಹೊಲಗಳು ಮುಗಿಲು ನೋಡುತ್ತಾ ಕೂತಿರುತ್ತವಲ್ಲ, ಅಲ್ಲಿಯೂ ಅದೇ ಕತೆ. ಸ್ಕ್ಯಾಗ್ವೇಯಲ್ಲಿ ಕೊಡೆ ಹಿಡಿದು ಬಸ್ ಹತ್ತಿದವರು ಕಾರ್‌ಕ್ರಾಸ್‌ನಲ್ಲಿ ಬಿಸಿಲಿಗೆ ಕಣ್ಣು ಕಿರಿದು ಮಾಡುವುದುಂಟು.

ಈಗ ಹತ್ತು ನಿಮಿಷದ ಮಾತಿಗೆ ಬರೋಣ. ಅಳಿಯಂದಿರು ಹೇಳಿದ್ದರಲ್ಲಿ ಗಮನಿಸಬೇಕಾದ್ದು ಇದೊಂದೇ. ದೊಡ್ಡ ಬಸ್ಸಿನಲ್ಲಿ ಐವತ್ತು ಜನ ಇಳಿದು ಹತ್ತುವಷ್ಟರಲ್ಲೇ ಹೊತ್ತು ಮುಗಿಯುತ್ತದೆ. ಹಾಗಾಗಿ ಬುಕ್ ಮಾಡುವ ಮುಂಚೆ ಎರಡು ಪ್ರಶ್ನೆ ಕೇಳಿ. ಎಮರಾಲ್ಡ್ ಲೇಕ್‌ವರೆಗೂ ಹೋಗುತ್ತೀರಾ? ಅಲ್ಲಿ ಎಷ್ಟು ಹೊತ್ತು ನಿಲ್ಲಿಸುತ್ತೀರಿ? ಮೊದಲನೆಯದನ್ನೂ ಕೇಳಬೇಕು, ಯಾಕೆಂದರೆ 'ಯೂಕಾನ್ ಟೂರ್' ಎಂದು ಹೆಸರಿಟ್ಟವೆಲ್ಲ ಕೆರೆ ಮುಟ್ಟುವುದಿಲ್ಲ. ಕೆಲವು ಕಾರ್‌ಕ್ರಾಸ್‌ನಲ್ಲೇ ತಿರುಗುತ್ತವೆ. ಸಣ್ಣ ವ್ಯಾನ್ ಸಿಕ್ಕರೆ ಅದನ್ನೇ ಹಿಡಿಯಿರಿ. ದುಡ್ಡು ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ. ಅದಕ್ಕಿಂತ ಒಳ್ಳೆಯದು, ಅಳಿಯಂದಿರೇ ಕಾರು ಬಾಡಿಗೆಗೆ ತೆಗೆದುಕೊಳ್ಳುವುದು. ಸ್ಕ್ಯಾಗ್ವೇಯಲ್ಲಿ ಬಾಡಿಗೆ ಕಾರು ಕಡಿಮೆ, ತಿಂಗಳುಗಟ್ಟಲೆ ಮುಂಚೆ ಕಾದಿರಿಸಬೇಕು. ಗಡಿ ದಾಟಲು ಅನುಮತಿ ಇದೆಯೇ ಎಂದು ಕೇಳಿಯೇ ಕಾದಿರಿಸಿ. ಆಗ ಕೆರೆಯ ಹತ್ತಿರ ನಿಮಗೆ ಬೇಕಾದಷ್ಟು ಹೊತ್ತು ನಿಲ್ಲಬಹುದು. ದಾರಿಯಲ್ಲಿ ಕಂಡಕಂಡಲ್ಲಿ ನಿಲ್ಲಿಸುವುದು ಬಿಟ್ಟು ಆ ಹೊತ್ತನ್ನು ಕೆರೆಗೆ ಇಡಿ. ನನ್ನ ಒತ್ತಾಯ ಇದೊಂದೇ.

ಯಾಕೆ ಹೀಗೆ ಹೇಳುತ್ತೇನೆ ಅಂದರೆ, ಆ ಕೆರೆ ಇಳಿದ ಕೂಡಲೇ ಪೂರ್ತಿ ಕಾಣುವುದಿಲ್ಲ. ನಾನು ನಿಂತ ದಿನ ಮೋಡಗಳು ಓಡುತ್ತಿದ್ದವು. ದಡದ ಹತ್ತಿರ ನೀರು ಬಿಳಿ ಬೆರೆತ ತಿಳಿ ಹಸಿರು. ಅದರಾಚೆ ಗಟ್ಟಿ ಹಸಿರು. ಎಲ್ಲಿ ಆಳ ಶುರುವಾಗುತ್ತದೋ ಅಲ್ಲಿ ಒಮ್ಮೆಲೇ ಕಡು ನೀಲಿ. ಒಂದು ಮೋಡದ ನೆರಳು ಎಡದಂಡೆಯಿಂದ ಹೊರಟು ನೀರಿನ ಮೇಲೆ ಮೆಲ್ಲಗೆ ಸರಿಯಿತು. ಅದು ಹೋದ ಕಡೆಯೆಲ್ಲ ಹಸಿರು ಆರಿ ಬೂದಿಯ ಬಣ್ಣ. ನೆರಳು ದಾಟಿದ ಮೇಲೆ ಮೊದಲು ದಡದ ಬಿಳುಪು ತಿರುಗಿ ಬಂತು, ಆಮೇಲೆ ಹಸಿರು, ಕೊನೆಗೆ ನೀಲಿ. ಇಳಿದವರಲ್ಲಿ ಹೆಚ್ಚಿನವರು ಫೋಟೋ ತೆಗೆದುಕೊಂಡು ಆಗಲೇ ವ್ಯಾನ್ ಹತ್ತಿದ್ದರು. ಡ್ರೈವರ್ ಹುಡುಗಿ ನನ್ನನ್ನು ಅವಸರ ಮಾಡಲಿಲ್ಲ. ಮೋಡ ಹೋಗಿ ಬಿಸಿಲು ಬರುವುದನ್ನು ಅವಳೂ ನನ್ನ ಪಕ್ಕ ನಿಂತು ನೋಡಿದಳು.

ವಾಪಸ್ ಬರುವಾಗ ಬಸ್ ಬೇಜಾರು ಅನಿಸಿದರೆ ಇನ್ನೊಂದು ದಾರಿಯಿದೆ. ಕೆಲವು ಟೂರ್‌ಗಳಲ್ಲಿ ಒಂದು ಕಡೆ ಬಸ್ಸು, ಇನ್ನೊಂದು ಕಡೆ ಫ್ರೇಸರ್ ಎಂಬ ಗಡಿ ನಿಲ್ದಾಣದಿಂದ ಹಳೆಯ ವೈಟ್ ಪಾಸ್ ರೈಲು. ರೈಲಿನಲ್ಲಿ ಎದ್ದು ಓಡಾಡಬಹುದು, ಮಂಡಿಗೆ ಆರಾಮ. ಆದರೆ ಆ ಟೂರ್ ಕೂಡ ಕೆರೆ ಮುಟ್ಟುತ್ತದೆಯೇ ಎಂದು ಕೇಳಿಯೇ ದುಡ್ಡು ಕಟ್ಟಿ.

ಪ್ರಶ್ನೆ: ಮೇಡಂ, ನಮ್ಮ ತಂದೆ ತಾಯಿಗೆ ಅಮೆರಿಕದ ಹತ್ತು ವರ್ಷದ ವೀಸಾ ಇದೆ. ಅಲಾಸ್ಕಾ ಅಮೆರಿಕದ್ದೇ ಅಲ್ವಾ? ಬೇರೆ ವೀಸಾ ಯಾಕೆ? (ಸಾಫ್ಟ್‌ವೇರ್ ಉದ್ಯೋಗಿ, ರಾಯಚೂರು)

ಉತ್ತರ: ಬೇಕೇ ಬೇಕು ತಮ್ಮಾ. ಇದನ್ನು ಕಡೆ ಗಳಿಗೆಗೆ ಬಿಡಬೇಡ. ಅಲಾಸ್ಕಾ ಅಮೆರಿಕದ್ದೇ, ಆದರೆ ಎಮರಾಲ್ಡ್ ಲೇಕ್ ಕೆನಡಾದ ಯೂಕಾನ್‌ನಲ್ಲಿದೆ. ನಮ್ಮ ಪಾಸ್‌ಪೋರ್ಟ್ ಇರುವವರಿಗೆ ಅಮೆರಿಕದ ವೀಸಾ ಇದ್ದರೂ ಕೆನಡಾದ್ದು ಬೇರೆಯೇ ತೆಗೆಸಬೇಕು.

ಕೆರೆಗೆ ಹೋಗದಿದ್ದರೂ ಅದು ಬೇಕಾಗುತ್ತದೆ. ಅಮೆರಿಕದಲ್ಲಿ 1886ರ ಒಂದು ಕಾನೂನು ಇದೆ. ವಿದೇಶಿ ಬಾವುಟದ ಹಡಗು ಅಮೆರಿಕದ ಬಂದರಿನಲ್ಲಿ ಜನರನ್ನು ಹತ್ತಿಸಿಕೊಂಡು, ನಡುವೆ ಬೇರೆ ದೇಶ ಮುಟ್ಟದೆ, ತಿರುಗಿ ಅಮೆರಿಕದಲ್ಲೇ ಇಳಿಸುವಂತಿಲ್ಲ. ದೊಡ್ಡ ಕ್ರೂಸ್ ಹಡಗುಗಳು ಹೆಚ್ಚುಕಡಿಮೆ ಎಲ್ಲ ವಿದೇಶಿ ಬಾವುಟದವೇ. ಅದಕ್ಕೇ ಸಿಯಾಟಲ್‌ನಿಂದ ಹೊರಟ ಹಡಗು ಸಾಮಾನ್ಯವಾಗಿ ಕೆನಡಾದ ವಿಕ್ಟೋರಿಯಾದಲ್ಲಿ ಒಂದು ಸಂಜೆ ನಿಂತು ಬರುತ್ತದೆ. ಇಲ್ಲವೆಂದರೆ ಹಡಗು ಹೊರಡುವುದೇ ವ್ಯಾಂಕೂವರ್‌ನಿಂದ. ಎರಡೂ ಕೆನಡಾದ ಊರುಗಳು. ವೀಸಾ ಇಲ್ಲದವರನ್ನು ಹಡಗು ಹತ್ತಿಸಿಕೊಳ್ಳುವುದೇ ಇಲ್ಲ. ಅಂದಮೇಲೆ ಹಡಗಿಗಾಗಿ ತೆಗೆಸಿದ ವೀಸಾವನ್ನೇ ಕೆರೆಗೂ ಬಳಸಬಹುದು. ಒಂದಕ್ಕಿಂತ ಹೆಚ್ಚು ಸಲ ಒಳಗೆ ಬಿಡುವ ವೀಸಾ ಆಗಿದ್ದರೆ ಸಾಕು. ಕೆರೆಗೆ ಒಂದು ಸಲ, ವಿಕ್ಟೋರಿಯಾಕ್ಕೆ ಇನ್ನೊಂದು ಸಲ ಲೆಕ್ಕವಾಗುತ್ತದೆ. ಅಮೆರಿಕದ ವೀಸಾ ಕೂಡ ಹಾಗೆಯೇ ಇರಲಿ, ಸಂಜೆ ತಿರುಗಿ ಅಲಾಸ್ಕಾಗೆ ಬರಬೇಕಲ್ಲ.

ಅರ್ಜಿ ಆನ್‌ಲೈನ್‌ನಲ್ಲಿ. ಶುಲ್ಕ 100 ಕೆನಡಿಯನ್ ಡಾಲರ್. ಬೆರಳಚ್ಚು, ಫೋಟೋಗೆ 85. ಬೆರಳಚ್ಚಿಗೆ ಖುದ್ದಾಗಿ ಹೋಗಬೇಕು. ರಾಯಚೂರಿನವರಿಗೆ ಹೈದರಾಬಾದ್ ಹತ್ತಿರ, ಬೆಳಿಗ್ಗೆ ರೈಲು ಹತ್ತಿದರೆ ಕೆಲಸ ಮುಗಿಸಿ ರಾತ್ರಿಗೆ ಮನೆ. ಒಮ್ಮೆ ಕೊಟ್ಟ ಬೆರಳಚ್ಚು ಹತ್ತು ವರ್ಷ ನಡೆಯುತ್ತದೆ. ಮೂರು ನಾಲ್ಕು ತಿಂಗಳು ಮುಂಚೆಯೇ ಅರ್ಜಿ ಹಾಕಿ. ಅಪ್ಪನ ಪಾಸ್‌ಪೋರ್ಟ್‌ನಲ್ಲಿ ಒಂದು ಹೆಸರು, ಪಿಂಚಣಿ ಕಾಗದದಲ್ಲಿ ಇನ್ನೊಂದು ಅಂತಿದ್ದರೆ ಅದನ್ನು ಮೊದಲು ಸರಿಮಾಡಿಸಿ. ನಮ್ಮ ಕಡೆ ಮನೆತನದ ಹೆಸರು ಒಂದು ಕಡೆ ಹಿಂದೆ, ಒಂದು ಕಡೆ ಮುಂದೆ ಇರುತ್ತದೆ. ಅದರಿಂದ ಆಗುವ ತಡವೇ ಜಾಸ್ತಿ.

ಇನ್ನೊಂದು ಮಾತು. ಕೆರೆಗೆ ಹೊರಡುವ ದಿನ ಅಸಲು ಪಾಸ್‌ಪೋರ್ಟ್ ಕೈಯಲ್ಲೇ ಇರಬೇಕು. ಹಡಗಿನ ಕೋಣೆಯ ಲಾಕರ್‌ನಲ್ಲಿಟ್ಟು ಜೆರಾಕ್ಸ್ ಹಿಡಿದು ಹೊರಟರೆ ಗಡಿಯಲ್ಲಿ ನಡೆಯುವುದಿಲ್ಲ. ಹೋಗುವಾಗ ಫ್ರೇಸರ್‌ನಲ್ಲಿ ಕೆನಡಾದವರು ನೋಡುತ್ತಾರೆ, ಬರುವಾಗ ಸ್ಕ್ಯಾಗ್ವೇ ಹತ್ತಿರ ಅಮೆರಿಕದವರು. ಭಯಪಡುವಂಥದ್ದು ಏನಿಲ್ಲ. ಎಲ್ಲಿಗೆ, ಎಷ್ಟು ಹೊತ್ತು, ಹಡಗು ಯಾವುದು ಎಂದು ಕೇಳುತ್ತಾರೆ. ಅಮ್ಮನಿಗೆ ಇಂಗ್ಲಿಷ್ ಬರದಿದ್ದರೆ ಹಡಗಿನ ಕಾರ್ಡು ತೋರಿಸಿ "ಲೇಕ್, ಟುಡೇ ರಿಟರ್ನ್" ಎಂದರೆ ಸಾಕು. ನನ್ನ ಮುಂದೆ ನಿಂತಿದ್ದ ಅಜ್ಜಿಯೊಬ್ಬರು ಅಷ್ಟೇ ಹೇಳಿದ್ದು. ಅಧಿಕಾರಿ ನಕ್ಕು ಪಾಸ್‌ಪೋರ್ಟ್ ಎರಡೂ ಕೈಯಲ್ಲಿ ಹಿಡಿದು ವಾಪಸ್ ಕೊಟ್ಟರು.

ಪ್ರಶ್ನೆ: ಟೀಚರ್, ನಾನು ಒಂಬತ್ತನೇ ಕ್ಲಾಸು. ನಮ್ಮ ಅಜ್ಜಿಯ ಫೋನಿನಲ್ಲಿ ಆ ಕೆರೆಯ ಫೋಟೋ ನೋಡಿದೆ. ನೀರು ಅಷ್ಟು ಹಸಿರು ಇರುತ್ತದಾ? ನಮ್ಮೂರ ಕೆರೆ ಹಸಿರಾದರೆ ಪಾಚಿ ಅನ್ನುತ್ತಾರೆ. ಅಲ್ಲಿಯೂ ಪಾಚಿನಾ? (ವಿದ್ಯಾರ್ಥಿನಿ, ಮಾನ್ವಿ)

ಉತ್ತರ: ಎಷ್ಟು ಒಳ್ಳೆಯ ಪ್ರಶ್ನೆ ಕೇಳಿದ್ದೀ ಕೂಸೇ! ಅಲ್ಲಿ ಪಾಚಿಯಲ್ಲ. ನೀರು ತಿಳಿಯಾಗಿಯೇ ಇದೆ. ಬಣ್ಣದ ಗುಟ್ಟು ಕೆರೆಯ ತಳದಲ್ಲಿದೆ.

ಸುಮಾರು 14,000 ವರ್ಷಗಳ ಹಿಂದೆ ಅಲ್ಲಿ ಹಿಮನದಿಗಳಿದ್ದವು. ಅವು ಸುತ್ತಲ ಬೆಟ್ಟಗಳ ಸುಣ್ಣದ ಕಲ್ಲನ್ನು ಉಜ್ಜಿ, ಪುಡಿಮಾಡಿ, ಜಲ್ಲಿಯನ್ನು ಆ ಕಣಿವೆಯಲ್ಲಿ ಬಿಟ್ಟುಹೋದವು. ಆ ಜಲ್ಲಿಯ ಸುಣ್ಣ ನೀರಿನಲ್ಲಿ ಕರಗುತ್ತದೆ. ಕರಗಿದ್ದು ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ತಳದಲ್ಲಿ ಕೂರುತ್ತದೆ. ಜೇಡಿಯ ಜೊತೆ ಸೇರಿ ಬಿಳಿ ಹೂಳಾಗುತ್ತದೆ. ಇದಕ್ಕೆ ಮಾರ್ಲ್ ಎಂದು ಹೆಸರು. ನಿನ್ನ ವಿಜ್ಞಾನದ ಪಾಠದಲ್ಲಿ ಬರುವ ಅದೇ ಕ್ಯಾಲ್ಸಿಯಂ ಕಾರ್ಬೊನೇಟ್.

ಬಿಸಿಲು ನೀರಿನೊಳಗೆ ಇಳಿಯುವಾಗ ಕೆಂಪು ಬೆಳಕನ್ನು ನೀರು ಮೊದಲು ಹೀರಿಕೊಳ್ಳುತ್ತದೆ. ಹಸಿರು, ನೀಲಿ ಇನ್ನೂ ಆಳಕ್ಕೆ ಇಳಿಯುತ್ತವೆ. ನೀರು ಕಡಿಮೆ ಇರುವ ಕಡೆ ಆ ಬೆಳಕು ಬಿಳಿ ತಳಕ್ಕೆ ಬಡಿದು ಮೇಲಕ್ಕೆ ಬರುತ್ತದೆ. ಅದೇ ನಮಗೆ ಕಾಣುವ ಹಸಿರು. ಆಳದ ಕಡೆ ತಳದವರೆಗೆ ಹೋಗಿ ತಿರುಗಿ ಬರುವ ಬೆಳಕು ಇಲ್ಲ, ಹಾಗಾಗಿ ಕಡು ನೀಲಿ. ಒಂದೇ ಕೆರೆಯಲ್ಲಿ ಎರಡು ಮೂರು ಬಣ್ಣ ಪಟ್ಟೆಪಟ್ಟೆಯಾಗಿ ಕಾಣುವುದು ಇದಕ್ಕೇ. ಬಿಸಿಲಿಲ್ಲದಿದ್ದರೆ ಬಣ್ಣ ಮಂಕು. ಸೂರ್ಯ ನೆತ್ತಿಗೆ ಹತ್ತಿರವಿದ್ದಾಗ, ಅಂದರೆ ಮಧ್ಯಾಹ್ನದ ಆಸುಪಾಸು, ಚೆನ್ನ. ಅಜ್ಜಿ ಮೇ ತಿಂಗಳ ಶುರುವಿನಲ್ಲಿ ಹೋಗುವುದಾದರೆ ಕೆರೆಯ ಮೇಲೆ ಇನ್ನೂ ಮಂಜುಗಡ್ಡೆ ಇರಬಹುದು, ಆಗ ಬಣ್ಣವೇ ಕಾಣುವುದಿಲ್ಲ. ಜೂನ್ ನಡುವಿನಿಂದ ಆಗಸ್ಟ್‌ವರೆಗೆ ಹೋಗಲು ಹೇಳು.

ಮನೆಯಲ್ಲೇ ನೋಡಬೇಕಾ? ಒಂದು ಗಾಜಿನ ಬೋಗುಣಿಯನ್ನು ಬಿಳಿ ಕಾಗದದ ಮೇಲಿಡು, ಇನ್ನೊಂದನ್ನು ಕರಿ ಬಟ್ಟೆಯ ಮೇಲೆ. ಎರಡರಲ್ಲೂ ಅದೇ ನೀರು ಹಾಕಿ ಬಿಸಿಲಿಗಿಡು. ತಳದಿಂದ ಬೆಳಕು ತಿರುಗಿ ಬಂದರೆ ನೀರು ಹೇಗೆ ಕಾಣುತ್ತದೆ, ಬರದಿದ್ದರೆ ಹೇಗೆ ಕಾಣುತ್ತದೆ, ನೀನೇ ಹೇಳುತ್ತೀ. ಹಸಿರು ಬರುವುದಿಲ್ಲ, ಅದಕ್ಕೆ ಇನ್ನೂ ಆಳದ ನೀರು ಬೇಕು. ಏನು ಕಂಡಿತೆಂದು ನನಗೆ ಬರೆ.

ಪ್ರಶ್ನೆ: ತಡವಾಗಿ ಬಂದರೆ ಹಡಗು ಬಿಟ್ಟು ಹೋಗುತ್ತದೆ ಎಂದು ಹೆದರಿಸುತ್ತಾರೆ. ನಿಜವೇ? (ನಿವೃತ್ತ ನೌಕರರು, ಬಳ್ಳಾರಿ)

ಉತ್ತರ: ನಿಜ ಸಾರ್. ಹಡಗಿನವರೇ ಮಾರುವ ಟೂರ್‌ನಲ್ಲಿ ಹೋದರೆ, ಬಸ್ ತಡವಾದರೂ ಅವರೇ ಹೊಣೆ ಹೊರುತ್ತಾರೆ. ಹೊರಗಿನವರ ಟೂರ್, ಸ್ವಂತ ಬಾಡಿಗೆ ಕಾರು ಆದರೆ ಹಡಗು ಕಾಯುವುದಿಲ್ಲ. ಹೊರಗಿನ ವ್ಯಾನ್‌ನವರಿಗೂ ಇದು ಗೊತ್ತು, ಅವರ ವ್ಯಾಪಾರವೇ ಅದರ ಮೇಲೆ ನಿಂತಿದೆ. ಆದರೂ ಹಡಗಿಗೆ ವಾಪಸ್ ಸೇರಬೇಕಾದ ಹೊತ್ತಿಗಿಂತ ಎರಡು ತಾಸು ಮುಂಚೆ ಸ್ಕ್ಯಾಗ್ವೇ ಮುಟ್ಟುವಂತಿರಲಿ. ಗಡಿಯಲ್ಲಿ ನಾಲ್ಕು ಬಸ್ ಒಟ್ಟಿಗೆ ಬಂದರೆ ಸಾಲು ಬೆಳೆಯುತ್ತದೆ.

ಗಡಿಯಾರದ ವಿಷಯ ಇನ್ನೂ ಮುಖ್ಯ. ಬೇಸಿಗೆಯಲ್ಲಿ ಯೂಕಾನ್ ಗಡಿಯಾರ ಅಲಾಸ್ಕಾಗಿಂತ ಒಂದು ತಾಸು ಮುಂದೆ. ಸ್ಕ್ಯಾಗ್ವೇಯಲ್ಲಿ ಹನ್ನೆರಡು ಹೊಡೆದಾಗ ಕೆರೆಯ ಹತ್ತಿರ ಒಂದು. ಮೊಬೈಲು ತನ್ನಷ್ಟಕ್ಕೆ ತಾನೇ ಬದಲಾಯಿಸಿಕೊಳ್ಳುತ್ತದೆ, ಸಿಗ್ನಲ್ ಇಲ್ಲದ ಕಡೆ ಬದಲಾಯಿಸುವುದೂ ಇಲ್ಲ. ದಾರಿಯ ಬಹುಪಾಲು ಸಿಗ್ನಲ್ ಇರುವುದಿಲ್ಲ. ಅದಕ್ಕೇ ಕೈಗೆ ಒಂದು ವಾಚು ಕಟ್ಟಿ. ಅದರಲ್ಲಿ ಹಡಗಿನ ಟೈಮ್ ಇಟ್ಟು, ದಿನವಿಡೀ ಅದನ್ನು ಮುಟ್ಟಬೇಡಿ. ಡ್ರೈವರ್ "ಎರಡು ಗಂಟೆಗೆ ಬನ್ನಿ" ಎಂದರೆ ಯಾವ ಊರಿನ ಎರಡು ಗಂಟೆ ಎಂದು ಕೇಳಿ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಹೋಗಬಹುದಾ? (ಓದುಗರು, ಕುಷ್ಟಗಿ)

ಉತ್ತರ: ಒಣ ರೊಟ್ಟಿ, ಚಟ್ನಿಪುಡಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಅಧಿಕಾರಿ ಕೇಳಿದರೆ ಇದೆ ಎಂದು ಹೇಳಿ, ಮುಚ್ಚಿಡಬೇಡಿ. ಹಣ್ಣು, ಹಾಲಿನ ಪದಾರ್ಥ, ಹಡಗಿನ ಊಟದ ಮನೆಯಿಂದ ಕಟ್ಟಿಕೊಂಡ ತಿಂಡಿ ಬೇಡ. ಕೆಲವು ಟೂರ್‌ಗಳಲ್ಲಿ ಮಧ್ಯಾಹ್ನದ ಊಟ ಸೇರಿರುತ್ತದೆ, ಹೆಚ್ಚಾಗಿ ಕೋಳಿ. ಸಸ್ಯಾಹಾರ ಬೇಕೆಂದು ಬುಕ್ ಮಾಡುವಾಗಲೇ ಹೇಳಿ. ಶೌಚಾಲಯಕ್ಕೆ ಕಾರ್‌ಕ್ರಾಸ್‌ನಲ್ಲೇ ಹೋಗಿ ಬನ್ನಿ, ಕೆರೆಯ ಹತ್ತಿರ ಸಿಗುತ್ತದೆಂದು ನಂಬಬೇಡಿ. ನಮ್ಮ ಬಿಸಿಲಿಗೆ ಒಗ್ಗಿದ ಮೈಗೆ ವೈಟ್ ಪಾಸ್ ಗಾಳಿ ಕೊರೆಯುತ್ತದೆ. ಸ್ವೆಟರ್, ಅದರ ಮೇಲೆ ಗಾಳಿ ತಡೆಯುವ ಜಾಕೆಟ್, ಕಿವಿ ಮುಚ್ಚುವ ಟೋಪಿ. ಸೀರೆ ಉಡುವವರು ಒಳಗೆ ಥರ್ಮಲ್ ಹಾಕಿ ಕಾಲಿಗೆ ಶೂ ಹಾಕಿದರೆ ಸಾಕು. ನಾನು ಹಾಗೇ ಹೋಗಿದ್ದು.

ಪ್ರಶ್ನೆ: ನಾನು ಹಟ್ಟಿಯವನು. ನಮ್ಮಪ್ಪ ಚಿನ್ನದ ಗಣಿಯಲ್ಲಿ ಕೆಲಸ ಮಾಡಿದವರು. ಸ್ಕ್ಯಾಗ್ವೇಯಿಂದ ಹಿಂದೆ ಜನ ಚಿನ್ನ ಹುಡುಕಲು ಹೋದರೆಂದು ಕೇಳಿದ್ದೇನೆ. ಆ ಗಣಿಯೂ ಕೆರೆಯ ದಾರಿಯಲ್ಲೇ ಇದೆಯಾ? (ಹಟ್ಟಿ, ಲಿಂಗಸುಗೂರು ತಾಲ್ಲೂಕು)

ಉತ್ತರ: ಗಣಿ ಆ ದಾರಿಯಲ್ಲಿಲ್ಲ. ಚಿನ್ನ ಸಿಕ್ಕ ಕ್ಲಾಂಡೈಕ್ ಪ್ರದೇಶ ಉತ್ತರಕ್ಕೆ ಇನ್ನೂ ನೂರಾರು ಕಿ.ಮೀ. ದೂರ, ಒಂದು ದಿನದಲ್ಲಿ ಆಗುವುದಿಲ್ಲ. ನಮ್ಮ ಹಟ್ಟಿಯ ಚಿನ್ನ ಬಂಡೆಯೊಳಗಿನದು, ನೆಲದಾಳಕ್ಕೆ ಇಳಿದು ಕೊರೆದು ತೆಗೆಯಬೇಕು. ಅಲ್ಲಿ ಸಿಕ್ಕಿದ್ದು ಹಳ್ಳದ ಮರಳು, ಜಲ್ಲಿಯಲ್ಲಿ. ತಟ್ಟೆಯಲ್ಲಿ ನೀರು ಹಾಕಿ ಆಡಿಸಿ ತೆಗೆಯುತ್ತಿದ್ದರು. ಆದರೆ ಅಲ್ಲಿಗೆ ಹೊರಟ ಜನ ನಡೆದದ್ದು ಮಾತ್ರ ನೀವು ಹೋಗುವ ಈ ಕಣಿವೆಗಳಲ್ಲೇ.

1896ರ ಆಗಸ್ಟ್‌ನಲ್ಲಿ ಚಿನ್ನ ಸಿಕ್ಕಿತು. ಮುಂದಿನ ವರ್ಷ ಸುದ್ದಿ ಹೊರಜಗತ್ತಿಗೆ ಮುಟ್ಟಿ ಸುಮಾರು ಒಂದು ಲಕ್ಷ ಜನ ಹೊರಟರು. ಮೂವತ್ತು ನಲವತ್ತು ಸಾವಿರ ಜನ ಮಾತ್ರ ತಲುಪಿದರು. ವರ್ಷಕ್ಕಾಗುವ ದವಸ, ಸಲಕರಣೆ ಸೇರಿ ಹೆಚ್ಚುಕಡಿಮೆ ಒಂದು ಟನ್ ಸಾಮಾನು ಇಲ್ಲದವರನ್ನು ಕೆನಡಾದ ಪೊಲೀಸರು ಗಡಿ ದಾಟಲು ಬಿಡುತ್ತಿರಲಿಲ್ಲ. ಅಷ್ಟನ್ನು ಬೆನ್ನ ಮೇಲೆ ಹೊತ್ತು, ಇಳಿಸಿ, ಮತ್ತೆ ಕೆಳಗೆ ಬಂದು, ಮತ್ತೆ ಹೊತ್ತರು. ವೈಟ್ ಪಾಸ್ ದಾರಿಯಲ್ಲಿ ಸುಮಾರು ಮೂರು ಸಾವಿರ ಕುದುರೆಗಳು ಸತ್ತವು. ಆಮೇಲೆ ರೈಲು ಹಾಕಿದರು. 1898ರಲ್ಲಿ ಶುರುವಾದ ಕೆಲಸ 1900ರ ಜುಲೈ 29ರಂದು ಕಾರ್‌ಕ್ರಾಸ್‌ನಲ್ಲಿ ಎರಡೂ ಕಡೆಯ ಹಳಿ ಕೂಡಿ ಮುಗಿಯಿತು. ಅಷ್ಟರಲ್ಲಿ ಚಿನ್ನದ ಭರಾಟೆ ಇಳಿದುಹೋಗಿತ್ತು.

ಕಾರ್‌ಕ್ರಾಸ್‌ನಲ್ಲಿ ಹತ್ತು ನಿಮಿಷ ಸಿಕ್ಕರೆ ಅಂಗಡಿಗಿಂತ ಅಲ್ಲಿನ ಜನರ ಬಗ್ಗೆ ಕೇಳಿ. ಅದು ಟಾಗಿಶ್, ಟ್ಲಿಂಗಿಟ್ ಮೂಲನಿವಾಸಿಗಳ ಊರು. ಕ್ಲಾಂಡೈಕ್ ಚಿನ್ನ ಮೊದಲು ಕಂಡ ತಂಡದಲ್ಲಿದ್ದವರು ಅವರೇ. ಕೀಶ್ ಎಂಬಾತ, ಅವನ ಅಕ್ಕನ ಮಗ, ಮತ್ತು ಕೇಟ್ ಕಾರ್ಮ್ಯಾಕ್ ಎಂಬ ಹೆಂಗಸು. ಕೇಟ್ ಈ ಕೀಶ್‌ನ ಒಡಹುಟ್ಟಿದವಳು. ಅವಳ ಗಂಡ ಜಾರ್ಜ್ ಹೊರಗಿನಿಂದ ಬಂದವನು. ಚಿನ್ನ ಕಂಡವನೆಂಬ ಹೆಸರು ಬಹುಕಾಲ ಅವನಿಗೇ ಇತ್ತು. ದುಡ್ಡು ಬಂದ ಮೇಲೆ ಅವಳನ್ನು ಬಿಟ್ಟು ಬೇರೆ ಮದುವೆಯಾದ. ಅವಳು ಕಾರ್‌ಕ್ರಾಸ್‌ಗೆ ಮರಳಿ ಅಲ್ಲೇ ಬಾಳಿ, 1920ರಲ್ಲಿ ಅಲ್ಲೇ ತೀರಿಕೊಂಡಳು. ಕೀಶ್‌ನ ಸಮಾಧಿಯೂ ಅದೇ ಊರಲ್ಲಿದೆ. ಚಿನ್ನದ ಊರಿನಿಂದ ಹೋಗುವ ನಿಮಗೆ ಈ ಹೆಸರುಗಳು ಗೊತ್ತಿರಲಿ ಎಂದು ನನ್ನ ಆಸೆ. ನಿಮ್ಮಪ್ಪನವರಿಗೂ ಹೇಳಿ.

ಪ್ರಶ್ನೆ: ಕರಡಿ ಕಾಣುತ್ತದಾ? (ಕಂಪ್ಲಿ)

ಉತ್ತರ: ಕಾಣಬಹುದು. ಬೇಸಿಗೆಯ ಶುರುವಿನಲ್ಲಿ ಕರಿಕರಡಿಗಳು ರಸ್ತೆ ಬದಿಯ ಹಳದಿ ಹೂವಿನ ಗಿಡ ಮೇಯಲು ಬರುತ್ತವೆ. ನಿಮ್ಮ ಪಕ್ಕದ ದರೋಜಿ ಕರಡಿಧಾಮದಲ್ಲಿ ನಾವು ಗೋಪುರದ ಮೇಲಿಂದ ನೋಡುತ್ತೇವೆ, ಇಲ್ಲಿ ವಾಹನದೊಳಗಿಂದಲೇ ನೋಡಿ. ಇಳಿಯಬೇಡಿ, ತಿನ್ನಲು ಏನೂ ಎಸೆಯಬೇಡಿ.

ಪ್ರಶ್ನೆ: ಅಕ್ಕಾ, ನಮ್ಮ ಅತ್ತೆಗೆ 78. ಬೆನ್ನುನೋವು, ಅರ್ಧ ತಾಸಿಗಿಂತ ಹೆಚ್ಚು ಬಸ್ಸಿನಲ್ಲಿ ಕೂರಲಾರರು. ಆದರೂ ಒಂದು ಸರೋವರ ತೋರಿಸಬೇಕೆಂದು ನನ್ನಾಸೆ. ಏನು ಮಾಡಲಿ? (ಶಿಕ್ಷಕಿ, ಸಿಂಧನೂರು)

ಉತ್ತರ: ನಿನ್ನಂಥ ಸೊಸೆ ಸಿಕ್ಕಿದ್ದು ಅವರ ಪುಣ್ಯ. ಅತ್ತೆಯನ್ನು ಎಮರಾಲ್ಡ್ ಲೇಕ್‌ಗೆ ಕರೆದುಕೊಂಡು ಹೋಗಬೇಡ. ಅಲಾಸ್ಕಾ ಹಡಗುಗಳು ಹೆಚ್ಚಾಗಿ ಜೂನೋ ಎಂಬ ಊರಿನಲ್ಲೂ ನಿಲ್ಲುತ್ತವೆ. ಅಲ್ಲಿ ಮೆಂಡೆನ್‌ಹಾಲ್ ಸರೋವರ ನೋಡಿ. ಪೇಟೆಯಿಂದ ಸುಮಾರು 19 ಕಿ.ಮೀ., ಅರ್ಧ ತಾಸು. ಗಡಿ ದಾಟುವುದಿಲ್ಲ, ಗಡಿಯಾರ ಬದಲಾಗುವುದಿಲ್ಲ.

ಆ ಸರೋವರ ನಮ್ಮ ಹಿರಿಯರ ಕಾಲದಲ್ಲಿ ಹುಟ್ಟಿದ್ದು. ಮೆಂಡೆನ್‌ಹಾಲ್ ಹಿಮನದಿ ಹಿಂದೆ ಸರಿಯುತ್ತಾ ಹೋದಾಗ, ಅದು ಬಿಟ್ಟ ಗುಂಡಿಯಲ್ಲಿ ಕಳೆದ ಶತಮಾನದ ಮೊದಲ ಭಾಗದಲ್ಲಿ ನೀರು ನಿಲ್ಲತೊಡಗಿತು. ನಿನ್ನ ಅತ್ತೆಗಿಂತ ಅದು ಬಹಳ ದೊಡ್ಡದೇನಲ್ಲ. ನೀರು ಎಮರಾಲ್ಡ್ ಲೇಕ್‌ನಷ್ಟು ತಿಳಿಯಾಗಿಲ್ಲ. ಹಿಮನದಿ ಅರೆದ ಕಲ್ಲಿನ ನುಣ್ಣನೆ ಹುಡಿ ಬೆರೆತು ಬೂದು ಬಣ್ಣವಿದೆ. ಎದುರಿಗೆ ಹಿಮನದಿ, ಪಕ್ಕದಲ್ಲಿ ನಗೆಟ್ ಎಂಬ ಜಲಪಾತ, 115 ಮೀಟರ್ ಎತ್ತರ. ಒಮ್ಮೊಮ್ಮೆ ನೀಲಿ ಮಂಜಿನ ಗಡ್ಡೆಗಳು ನೀರಿನಲ್ಲಿ ತೇಲುತ್ತಿರುತ್ತವೆ.

ಸಿಟಿ ಬಸ್ ಸರೋವರದವರೆಗೆ ಹೋಗುವುದಿಲ್ಲ, ಇಳಿದು ಎರಡೂವರೆ ಕಿ.ಮೀ.ಗೆ ಹತ್ತಿರ ನಡೆಯಬೇಕು. ಅತ್ತೆ ಜೊತೆಗಿದ್ದರೆ ಅದು ಬೇಡ. ಬಂದರಿನಿಂದಲೇ ಅಲ್ಲಿಗೆ ನೇರ ಹೋಗುವ ಟೂರ್ ಬಸ್ ಹಿಡಿ. ಇಳಿದ ಜಾಗದಲ್ಲಿ 1962ರಿಂದ ಇರುವ ಸಂದರ್ಶಕರ ಕೇಂದ್ರವಿದೆ. ಕೂತು ಗಾಜಿನ ಕಿಟಕಿಯಿಂದಲೇ ನೋಡಬಹುದು. ನಡೆಯುವ ಉತ್ಸಾಹ ಇದ್ದರೆ ಫೋಟೋ ಪಾಯಿಂಟ್‌ವರೆಗೆ ಸಮತಟ್ಟಾದ ದಾರಿ, ಅರ್ಧ ಕಿ.ಮೀ. ಅಷ್ಟೇ. ಗಾಲಿಕುರ್ಚಿಯೂ ಹೋಗುತ್ತದೆ. ಜಲಪಾತದ ಬುಡಕ್ಕೆ ಒಂದೂವರೆ ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ ನಡೆಯಬೇಕು, ಅಲ್ಲಿಗೆ ಬೇಕಾದರೆ ನೀನೊಬ್ಬಳೇ ಬೇಗ ಹೋಗಿ ಬಾ.

ಆಗಸ್ಟ್‌ನಲ್ಲಿ ಹೋಗುವುದಾದರೆ ಹೊರಡುವ ಮುಂಚೆ ಪ್ರವಾಹದ ಎಚ್ಚರಿಕೆ ಇದೆಯೇ ನೋಡು. ಹಿಮನದಿಯ ಪಕ್ಕದ ಕಣಿವೆಯೊಂದರಲ್ಲಿ ನೀರು ತುಂಬಿಕೊಂಡು ಒಮ್ಮೆಲೇ ಹೊರಬರುವುದು 2011ರಿಂದ ನಡೆಯುತ್ತಿದೆ. 2024ರ ಆಗಸ್ಟ್‌ನಲ್ಲಿ ಊರಿನ ಮನೆಗಳಿಗೂ ನುಗ್ಗಿತ್ತು. ಎಚ್ಚರಿಕೆ ಇದ್ದ ದಿನ ಆ ಕಡೆ ಬಿಡುವುದಿಲ್ಲ, ಟೂರ್‌ನವರೂ ದುಡ್ಡು ವಾಪಸ್ ಕೊಡುತ್ತಾರಾ ಎಂದು ಮೊದಲೇ ಕೇಳಿಕೋ. ಅತ್ತೆಗೆ ಒಂದು ಶಾಲು ಜಾಸ್ತಿಯೇ ಇಟ್ಟುಕೋ, ಹಿಮನದಿಯ ಕಡೆಯಿಂದ ಬೀಸುವ ಗಾಳಿಗೆ ಬೆನ್ನು ಮೊದಲು ಹಿಡಿದುಕೊಳ್ಳುತ್ತದೆ.